ಕಣ್ಣಿಗೆ ಕಾಣದ ಮೀಟರ್

ಮನೆಯ ಬ್ರಾಡ್‌ಬ್ಯಾಂಡ್‌ಗೆ ಡೇಟಾ ಮಿತಿಯನ್ನು ಎರಡು ಬಗೆಯಲ್ಲಿ ಹಾಕುತ್ತಾರೆ. ಒಂದರಲ್ಲಿ, ತಿಂಗಳಿಗೆ ಗೊತ್ತುಮಾಡಿದ ಡೇಟಾ ಮುಗಿದ ಮೇಲೆ ಬಳಸಿದ ಒಂದೊಂದು ಎಂಬಿಗೂ ಜಿಬಿಗೂ ಬೇರೆ ಹಣ ಕಟ್ಟಬೇಕು. ಇನ್ನೊಂದರಲ್ಲಿ ಬಿಲ್ ಏರುವುದಿಲ್ಲ, ವೇಗ ಇಳಿಯುತ್ತದೆ. ಎರಡನೆಯದಕ್ಕೆ ಎಫ್‌ಯುಪಿ, ಅಂದರೆ ನ್ಯಾಯಯುತ ಬಳಕೆಯ ನೀತಿ ಎಂಬ ಹೆಸರಿದೆ. ಭಾರತದ ಮನೆಗಳು ಮೊದಲನೆಯದನ್ನು ಅನುಭವಿಸಿ ಈಗ ಎರಡನೆಯದಕ್ಕೆ ಬಂದು ನಿಂತಿವೆ. ಯಾವುದು ನ್ಯಾಯ, ಎಷ್ಟರ ಮಟ್ಟಿಗೆ ನ್ಯಾಯ ಎಂಬ ಪ್ರಶ್ನೆಗೆ ಹಳೆಯ ಬಿಲ್‌ಗಳಲ್ಲೇ ಉತ್ತರದ ಅರ್ಧ ಭಾಗ ಸಿಗುತ್ತದೆ.

2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ 256 ಕೆಬಿಪಿಎಸ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ ಒಂದು ಗಂಟೆಗೆ ಇಳಿಯುವುದು ಹೆಚ್ಚೆಂದರೆ 115 ಎಂಬಿ. ತಿಂಗಳಿಗೆ 1 ಜಿಬಿ ಮಿತಿಯ ಪ್ಲಾನ್ ತೆಗೆದುಕೊಂಡ ಮನೆಯಲ್ಲಿ ಪೂರ್ತಿ ವೇಗದಲ್ಲಿ ಒಂಬತ್ತು ಗಂಟೆ ಬಳಸಿದರೆ ಇಡೀ ತಿಂಗಳ ಪಾಲು ಖಾಲಿ. ಆಮೇಲೆ ಎಂಬಿಗೆ ಒಂದು ರೂಪಾಯಿ ಎಂದರೆ ಗಂಟೆಗೆ 115 ರೂಪಾಯಿ.

ಈ ಲೇಖಕನ ಮೈಸೂರಿನ ಮನೆಗೆ 2008ರಲ್ಲಿ ಬಂದ ಒಂದು ಬಿಲ್ ಅಂಥದ್ದು. ಪ್ಲಾನ್ 500 ರೂಪಾಯಿಯದು, ಮಿತಿ 1 ಜಿಬಿ. ಹೆಚ್ಚುವರಿ ಬಳಕೆ 1,150 ಎಂಬಿ. ಆಗಿನ ಶೇ 12.36ರ ಸೇವಾ ತೆರಿಗೆಯೂ ಸೇರಿ ಬಿಲ್ 1,854 ರೂಪಾಯಿ ಮುಟ್ಟಿತ್ತು. ಆ ತಿಂಗಳು ಮನೆಯಲ್ಲಿ ಯಾರೂ ಸಿನಿಮಾ ನೋಡಿರಲಿಲ್ಲ, ಆ ವೇಗದಲ್ಲಿ ನೋಡುವುದೂ ಕಷ್ಟವಿತ್ತು. ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವೀಸ್ ಪ್ಯಾಕ್ ಆ ವರ್ಷವೇ ಬಂದಿತ್ತು, ಪೂರ್ತಿ ಫೈಲು 316 ಎಂಬಿ. ಕಾಲೇಜಿಗೆ ಹೋಗುವ ಮಗ ಒಂದು ಸಿ.ಡಿ. ತುಂಬುವಷ್ಟು ಲಿನಕ್ಸ್ ಇಳಿಸಿಕೊಂಡಿದ್ದ, ಅದು 700 ಎಂಬಿ. ಈ ಎರಡರಿಂದಲೇ ಸಾವಿರ ರೂಪಾಯಿ ದಾಟಿತ್ತು. ಕಂಪನಿಯ ಕಚೇರಿಯಲ್ಲಿ ಕೇಳಿದಾಗ ಸಿಕ್ಕಿದ್ದು ಒಟ್ಟು ಬಳಕೆಯ ಒಂದೇ ಸಾಲಿನ ಪ್ರಿಂಟ್. ಯಾವ ದಿನ ಎಷ್ಟು ಖರ್ಚಾಯಿತು, ಮಿತಿ ಯಾವತ್ತು ದಾಟಿತು ಎಂಬ ವಿವರ ಅದರಲ್ಲಿರಲಿಲ್ಲ. ಮಿತಿ ದಾಟುವ ಮುನ್ನ ಒಂದು ಮೆಸೇಜ್ ಕೂಡ ಬಂದಿರಲಿಲ್ಲ. ಹಣ ಕಟ್ಟಿದ್ದಾಯಿತು.

ಆ ಕಾಲದ ಕೆಲವು ಪ್ಲಾನ್‌ಗಳಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗಿನ ಬಳಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮಕ್ಕಳು ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಾಕಿ ಮಲಗುತ್ತಿದ್ದ ಮನೆಗಳು ಎಷ್ಟೋ. ಬಿಲ್ ಉಳಿಸುವ ಉಪಾಯವಾಗಿ ಜನ ಕಂಡ ಈ ರಿಯಾಯಿತಿಯಲ್ಲಿ ಒಂದು ದೊಡ್ಡ ಒಪ್ಪಿಗೆಯೂ ಅಡಗಿತ್ತು. ರಾತ್ರಿ ಎರಡು ಗಂಟೆಗೆ ಹರಿದ ಒಂದು ಎಂಬಿಯಿಂದ ಕಂಪನಿಗೆ ಹೆಚ್ಚಿನ ಖರ್ಚಿಲ್ಲ ಎಂಬುದೇ ಆ ಒಪ್ಪಿಗೆ.

ವಿದ್ಯುತ್ತಿಗೂ ಡೇಟಾಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಒಂದು ಯೂನಿಟ್ ಕರೆಂಟ್ ಹೆಚ್ಚಿಗೆ ಬಳಸಿದರೆ ಎಲ್ಲೋ ಅಷ್ಟು ಕಲ್ಲಿದ್ದಲು ಸುಡುತ್ತದೆ ಅಥವಾ ಅಷ್ಟು ನೀರು ಟರ್ಬೈನಿನಿಂದ ಇಳಿದುಹೋಗುತ್ತದೆ. ಡೇಟಾ ಹಾಗೆ ಸವೆಯುವ ವಸ್ತುವಲ್ಲ. ಕೇಬಲ್ ಎಳೆಯುವುದು, ಬೀದಿಯ ಪೆಟ್ಟಿಗೆಗಳು, ಕಂಬದ ಬಾಡಿಗೆ, ರಿಪೇರಿಯವರ ಸಂಬಳ, ಹೊರಜಾಲದ ಸಂಪರ್ಕ ಇವೇ ಕಂಪನಿಯ ಖರ್ಚಿನ ಮುಖ್ಯ ಭಾಗ. ಸಂಜೆ ಏಳೆಂಟರಿಂದ ರಾತ್ರಿ ಹನ್ನೊಂದರವರೆಗೆ ಎಲ್ಲ ಮನೆಯವರೂ ಒಟ್ಟಿಗೆ ಬಳಸುವಾಗ ಎಷ್ಟು ಅಗಲದ ದಾರಿ ಬೇಕು ಎಂಬುದರ ಮೇಲೆ ಆ ಖರ್ಚು ನಿಲ್ಲುತ್ತದೆ. ತಿಂಗಳ ಒಟ್ಟು ಜಿಬಿ ಇದನ್ನು ಅಳೆಯುವುದೇ ಇಲ್ಲ. ನಸುಕಿನಲ್ಲಿ 500 ಜಿಬಿ ಇಳಿಸಿಕೊಂಡವರು ಯಾರ ದಾರಿಗೂ ಅಡ್ಡ ಬಂದಿರುವುದಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಮಾತ್ರ ನೋಡುವವರು ದಟ್ಟಣೆಗೆ ತಮ್ಮ ಪಾಲು ಸೇರಿಸಿರುತ್ತಾರೆ. 2008ರ ಹೊತ್ತಿಗೆ ಸಮುದ್ರದಡಿಯ ಕೇಬಲ್‌ಗಳ ಮೂಲಕ ಬರುವ ಅಂತರರಾಷ್ಟ್ರೀಯ ಬ್ಯಾಂಡ್‌ವಿಡ್ತ್ ದುಬಾರಿಯಾಗಿತ್ತು ಎಂಬುದು ನಿಜ, ಅದನ್ನು ಮರೆಯಬಾರದು. ಆದರೆ ಮೊದಲ ಜಿಬಿಯಲ್ಲಿ ಒಂದು ಎಂಬಿಗೆ 50 ಪೈಸೆ ಬಿದ್ದು, ಮಿತಿ ದಾಟಿದ ಎಂಬಿಗೆ ಒಂದು ರೂಪಾಯಿ ಬೀಳುವುದಕ್ಕೆ ಆ ಖರ್ಚು ಕಾರಣವಾಗದು. ಎರಡು ಪಟ್ಟು ದರ ಎಂದರೆ ಅದು ಬೆಲೆಯಲ್ಲ, ದಂಡ.

ಮಿತಿಯ ಪರವಾದ ವಾದವೂ ಒಂದಿದೆ. ಮಕ್ಕಳ ಜೊತೆ ವಾರಕ್ಕೆರಡು ಸಲ ವಿಡಿಯೊ ಕರೆಯಲ್ಲಿ ಮಾತಾಡುವ ವಯಸ್ಸಾದ ದಂಪತಿ, ಹಗಲೂ ರಾತ್ರಿ ಆಟವಾಡುವ ಪಕ್ಕದ ಮನೆಯ ಹುಡುಗರ ಖರ್ಚನ್ನು ಯಾಕೆ ಹೊರಬೇಕು ಎನ್ನುತ್ತದೆ ಅದು. ಸರಿಯಾದ ಪ್ರಶ್ನೆಯೇ. ಇದಕ್ಕೆ ಪರಿಹಾರ ಕಡಿಮೆ ವೇಗದ, ಕಡಿಮೆ ಬೆಲೆಯ ಪ್ಲಾನ್. ಹೆಚ್ಚು ಬಳಸಿದವರಿಗೆ ಗೊತ್ತಿಲ್ಲದಂತೆ ಬಿಲ್ ಏರಿಸುವುದರಿಂದ ಆ ದಂಪತಿಯ ಬಿಲ್ ಇಳಿಯುವುದಿಲ್ಲ.

ಕೆನಡಾದಲ್ಲಿ ಈ ಚರ್ಚೆ ಬೀದಿಗೆ ಬಂದಿತ್ತು. ದೊಡ್ಡ ಕಂಪನಿಗಳ ಜಾಲವನ್ನು ಬಾಡಿಗೆಗೆ ಪಡೆದು ಸೇವೆ ಮಾರುವ ಸಣ್ಣ ಕಂಪನಿಗಳಿಗೂ ಬಳಕೆಯ ಲೆಕ್ಕದ ದರ ಹಾಕಲು ಅಲ್ಲಿನ ನಿಯಂತ್ರಣ ಆಯೋಗ 2011ರ ಜನವರಿಯಲ್ಲಿ ಒಪ್ಪಿತು. ಜನ ಸಿಟ್ಟಿಗೆದ್ದರು. ಅದೇ ನವೆಂಬರ್‌ನಲ್ಲಿ ಆಯೋಗ ಹಿಂದೆ ಸರಿದು, ಜಾಲದ ಸಾಮರ್ಥ್ಯದ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿಗೆ ಬಂತು. ಅಮೆರಿಕದ ಕಾಮ್‌ಕಾಸ್ಟ್ 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಜನರೆಲ್ಲ ಮನೆಯೊಳಗೆ ಉಳಿದಾಗ, ಡೇಟಾ ಮಿತಿಯನ್ನು ತೆಗೆದುಹಾಕಿತು. ದಟ್ಟಣೆ ಅತಿ ಹೆಚ್ಚಿದ್ದ ಆ ತಿಂಗಳುಗಳಲ್ಲೂ ಜಾಲ ಕುಸಿಯಲಿಲ್ಲ. ಆಮೇಲೆ ಮಿತಿ 1.2 ಟಿಬಿಯಾಗಿ ಮರಳಿತು, ಮೇಲಿನ ಪ್ರತಿ 50 ಜಿಬಿಗೆ 10 ಡಾಲರ್. ಹೆಚ್ಚುವರಿ ಶುಲ್ಕ ತಿಂಗಳಿಗೆ 100 ಡಾಲರ್ ದಾಟದು ಎಂಬ ಕಟ್ಟು ಮಾತ್ರ ಅದರಲ್ಲಿತ್ತು. ಮೈಸೂರಿನ ಆ ಬಿಲ್‌ಗೆ ಅಷ್ಟು ಕಟ್ಟೂ ಇರಲಿಲ್ಲ.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿರ್ದೇಶನ ಗ್ರಾಹಕರಿಗೆ ನಿಜವಾದ ರಕ್ಷಣೆ. ಡೇಟಾ ಮಿತಿ ಎಷ್ಟು, ಅಲ್ಲಿಯವರೆಗೆ ವೇಗ ಎಷ್ಟು, ಆಮೇಲೆ ಎಷ್ಟು ಎಂದು ಕಂಪನಿ ಸ್ಪಷ್ಟವಾಗಿ ಹೇಳಬೇಕು. ಬಳಕೆ ಶೇ 50 ಮತ್ತು ಶೇ 90 ತಲುಪಿದಾಗ ಎಚ್ಚರಿಸಬೇಕು. ಮಿತಿ ಮುಗಿದ ಮೇಲೂ ಮನೆಯ ಸಂಪರ್ಕದ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸಬಾರದು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿತು. 512 ಕೆಬಿಪಿಎಸ್‌ನಲ್ಲಿ ಒಂದು ಜಿಬಿ ಇಳಿಯಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಅಲ್ಲಿಗೆ ಇಳಿದ ಸಂಪರ್ಕವನ್ನು ಸರ್ಕಾರದ ವ್ಯಾಖ್ಯೆಯ ಪ್ರಕಾರವೇ ಬ್ರಾಡ್‌ಬ್ಯಾಂಡ್ ಎನ್ನಲಾಗದು.

ಈಗಿನ ಮಿತಿಗಳು ದೊಡ್ಡವು. 2020ರಲ್ಲಿ ಜಿಯೋ ಫೈಬರ್ 399 ರೂಪಾಯಿಯಿಂದ ಶುರುವಾಗುವ ಅನ್‌ಲಿಮಿಟೆಡ್ ಪ್ಲಾನ್‌ಗಳನ್ನು ತಂದಾಗ ಷರತ್ತಿನಲ್ಲಿದ್ದ ಮಿತಿ 3,300 ಜಿಬಿ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ಚಿತ್ರಕ್ಕೆ ಗಂಟೆಗೆ 3 ಜಿಬಿ ಹಿಡಿದರೂ ಒಂದು ಸಾಮಾನ್ಯ ಮನೆಗೆ ಅದನ್ನು ಮುಗಿಸುವುದು ಕಷ್ಟ. ಆದರೆ ಸಣ್ಣ ಮಿತಿಯ ಪ್ಲಾನ್‌ಗಳು ಇನ್ನೂ ಇವೆ, ಅವುಗಳಲ್ಲಿ ಯಾರೂ ಕೂತು ನೋಡದ ಡೇಟಾ ಮತ್ತೆ ತೊಂದರೆ ಕೊಡುತ್ತದೆ. ಗೇಟಿನ ಮೇಲಿನ ಸಿಸಿಟಿವಿ ಕ್ಯಾಮೆರಾ ಬಿಡುವಿಲ್ಲದೆ 2 ಎಂಬಿಪಿಎಸ್‌ನಲ್ಲಿ ಕ್ಲೌಡ್‌ಗೆ ಕಳಿಸುತ್ತಿದ್ದರೆ ತಿಂಗಳಿಗೆ ಸುಮಾರು 650 ಜಿಬಿ ಹೋಗುತ್ತದೆ. ಅಪ್‌ಲೋಡ್ ಕೂಡ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಪ್ಲಾನ್ ತೆಗೆದುಕೊಳ್ಳುವಾಗಲೇ ಕೇಳಿಕೊಳ್ಳಬೇಕು.

ಬಿಲ್ ಏರಿಸುವುದಕ್ಕಿಂತ ವೇಗ ಇಳಿಸುವುದು ನ್ಯಾಯಕ್ಕೆ ಹತ್ತಿರ, ಏಕೆಂದರೆ ತಿಂಗಳ ಖರ್ಚು ಎಷ್ಟೆಂಬುದು ಮೊದಲ ದಿನವೇ ಗೊತ್ತಿರುತ್ತದೆ. ಹೆಚ್ಚುವರಿ ಶುಲ್ಕ ನ್ಯಾಯವಾಗಬೇಕಾದರೆ ದಾಟುವ ಮುನ್ನ ಎಚ್ಚರಿಕೆ ಬರಬೇಕು, ದರ ಮಿತಿಯೊಳಗಿನ ದರಕ್ಕಿಂತ ಮೇಲಿರಬಾರದು, ಒಟ್ಟು ಮೊತ್ತಕ್ಕೆ ಕಟ್ಟು ಇರಬೇಕು. ಕರೆಂಟ್ ಮೀಟರ್ ಗೋಡೆಯ ಮೇಲಿದೆ, ಯಾರು ಬೇಕಾದರೂ ಓದಬಹುದು. ಡೇಟಾ ಮೀಟರ್ ಕಂಪನಿಯ ಕಂಪ್ಯೂಟರ್‌ನಲ್ಲಿದೆ. ಆದ್ದರಿಂದ ದಿನವಾರು ಬಳಕೆಯ ವಿವರ ಕೊಡಲಾಗದ ಕಂಪನಿಗೆ ಹೆಚ್ಚುವರಿ ಹಣ ಕೇಳುವ ಹಕ್ಕಿರಬಾರದು.

ಬಿಲ್ ತಪ್ಪಾಗಿದೆ ಎನಿಸಿದವರು ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರು ಕೊಟ್ಟು ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಉತ್ತರ ಸಮಾಧಾನ ತರದಿದ್ದರೆ, ದೂರು ಬಗೆಹರಿಸಲು ಇರುವ ಅವಧಿ ಮುಗಿದ 30 ದಿನಗಳೊಳಗೆ ಆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್‌ನ 2012ರ ನಿಯಮದಂತೆ 39 ದಿನಗಳಲ್ಲಿ ತೀರ್ಮಾನವಾಗಬೇಕು. ದೂರಸಂಪರ್ಕದ ವ್ಯಾಜ್ಯಗಳನ್ನು ಗ್ರಾಹಕರ ನ್ಯಾಯಾಲಯ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ, ಹಾಗಾಗಿ ಆ ಬಾಗಿಲೂ ತೆರೆದಿದೆ. ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಶುಲ್ಕವಿಲ್ಲ.