ಫೋನ್ ನಮ್ಮ ಮಾತು ಕದ್ದು ಕೇಳುತ್ತದೆಯೇ?

ಪ್ರಶ್ನೆ: ಅತ್ತೆಯ ಮಂಡಿನೋವಿನ ಬಗ್ಗೆ ಮನೆಯಲ್ಲಿ ಮಾತಾಡಿದೆವು. ಸಂಜೆಯೊಳಗೆ ಫೋನಿನಲ್ಲಿ ಮಂಡಿನೋವಿನ ಎಣ್ಣೆಯ ಜಾಹೀರಾತು! ಫೋನ್ ನಮ್ಮ ಮಾತು ಕೇಳಿಸಿಕೊಳ್ಳುತ್ತಿದೆಯೇ?

ಉತ್ತರ: ನಿಮ್ಮ ಗಾಬರಿ ಸಹಜ. ಆದರೆ ಜಾಹೀರಾತು ಕಂಪನಿಗಳಿಗೆ ಮಾತು ಕೇಳುವ ಅಗತ್ಯವೇ ಇಲ್ಲ. ನೀವೋ ಮನೆಯವರೋ ಗೂಗಲ್‌ನಲ್ಲಿ ಹುಡುಕಿದ್ದು, ನೋಡಿದ ವಿಡಿಯೊ, ಹೋಗಿಬಂದ ಜಾಗ, ಒಂದೇ ವೈಫೈ ಬಳಸುವ ಫೋನುಗಳು – ಇಷ್ಟರಿಂದಲೇ ಮನೆಯ ಚಿಂತೆಯನ್ನು ಊಹಿಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತಿಗೆಂದೇ ಒಂದು ಐಡಿ ಇರುತ್ತದೆ. ಬೇರೆ ಬೇರೆ ಆ್ಯಪ್‌ಗಳು ಕಂಡದ್ದನ್ನು ಒಂದೇ ಫೋನಿಗೆ ಜೋಡಿಸಲು ಅದು ನೆರವಾಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಆಮೇಲೆ ಆ್ಯಡ್ಸ್ ಒತ್ತಿ ಆ ಐಡಿ ಅಳಿಸಿ. ಐಫೋನ್ ಆದರೆ, ಟ್ರ್ಯಾಕ್ ಮಾಡಲು ಆ್ಯಪ್ ಅನುಮತಿ ಕೇಳಿದಾಗ ಬೇಡವೆನ್ನಿ. ಟಾರ್ಚ್, ಕ್ಯಾಲೆಂಡರ್‌ನಂಥ ಆ್ಯಪ್‌ಗಳಿಗೆ ಮೈಕ್, ಲೊಕೇಶನ್ ಕೊಡಬೇಡಿ. ಜಾಹೀರಾತು ನಿಲ್ಲುವುದಿಲ್ಲ, ಬೆನ್ನುಹತ್ತುವುದು ಕಡಿಮೆಯಾಗುತ್ತದೆ.

ಇದು ಖಾಸಗಿತನದ ಪ್ರಶ್ನೆಯೂ ಹೌದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಿಕ್ಕಿದ ಹಕ್ಕನ್ನು ಬಳಸಿಕೊಳ್ಳಿ. ಸೆಟ್ಟಿಂಗ್ಸ್ ಬದಲಿಸಲು ಹತ್ತು ನಿಮಿಷ ಸಾಕು.