ಹೊಟ್ಟೆಯೊಳಗಿನ ಶಿಲೀಂಧ್ರ ಸೋಂಕು: ಔಷಧ ಮಟ್ಟ ಮತ್ತು ನಿರೋಧಕತೆ

1. ಮುಖ್ಯ ಕಾರಕ: ಕ್ಯಾಂಡಿಡಾ (ಯೀಸ್ಟ್). ಕರುಳು ತೂತಾದಾಗ, ಹೊಟ್ಟೆಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾದಾಗ ಅಪಾಯ ಹೆಚ್ಚು.

2. ಔಷಧಗಳ ಗುರಿ:
• ಫ್ಲುಕೋನಜೋಲ್: ಎರ್ಗೋಸ್ಟೆರಾಲ್ (ಶಿಲೀಂಧ್ರದ ಪೊರೆಯ ಕೊಬ್ಬು) ತಯಾರಿಕೆಗೆ ತಡೆ
• ಆಂಫೊಟೆರಿಸಿನ್ ಬಿ: ತಯಾರಾದ ಎರ್ಗೋಸ್ಟೆರಾಲ್‌ಗೆ ಅಂಟಿ ಪೊರೆಗೆ ರಂಧ್ರ
• ಕ್ಯಾಸ್ಪೊಫಂಗಿನ್, ಮೈಕಾಫಂಗಿನ್ (ಎಕೈನೋಕ್ಯಾಂಡಿನ್): ಕೋಶಭಿತ್ತಿಯ ಗ್ಲುಕಾನ್ ತಯಾರಿಕೆಗೆ ತಡೆ
ಮೊದಲೆರಡನ್ನು ಅದಲುಬದಲು ಮಾಡಬೇಡಿ.

3. ಅತಿ ಮುಖ್ಯ: ರಕ್ತದಲ್ಲಿನ ಮಟ್ಟವೇ ಹೊಟ್ಟೆಯ ದ್ರವದಲ್ಲೂ ಇರುತ್ತದೆ ಎಂಬುದು ತಪ್ಪು. ಫ್ಲುಕೋನಜೋಲ್ ಚೆನ್ನಾಗಿ ತಲುಪುತ್ತದೆ. ಎಕೈನೋಕ್ಯಾಂಡಿನ್ ದೊಡ್ಡ ಅಣು, ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ಕಡಿಮೆ ತಲುಪುತ್ತದೆ. ಕೀವುಗಡ್ಡೆಯಲ್ಲಿ ಅರೆಮಟ್ಟದ ಔಷಧ ಉಳಿದರೆ ಸಾಯದ ಯೀಸ್ಟ್ ನಿರೋಧಕವಾಗಿ ಬೆಳೆಯುತ್ತದೆ. ಆದ್ದರಿಂದ ಕೀವು ಹೊರತೆಗೆಯುವುದೂ ಚಿಕಿತ್ಸೆಯೇ; ಮಾತ್ರೆ, ಇಂಜೆಕ್ಷನ್ ಮಾತ್ರ ಸಾಲದು.

4. ಜೀನ್ ರೂಪಾಂತರ: ಎಫ್‌ಕೆಎಸ್ – ಎಕೈನೋಕ್ಯಾಂಡಿನ್ ನಿರೋಧಕತೆ (ಕ್ಯಾಂಡಿಡಾ ಗ್ಲಾಬ್ರಾಟಾದಲ್ಲಿ ಗಮನಿಸಿ). ಇಆರ್‌ಜಿ11 – ಅಜೋಲ್ (ಫ್ಲುಕೋನಜೋಲ್ ಗುಂಪು) ನಿರೋಧಕತೆ. ಕ್ಯಾಂಡಿಡಾ ಕ್ರೂಸಿಗೆ ಫ್ಲುಕೋನಜೋಲ್ ನಿರೋಧಕತೆ ಹುಟ್ಟಿನಿಂದಲೇ.

5. ಮಾದರಿ: ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದು, ಇಲ್ಲವೇ 24 ಗಂಟೆಯೊಳಗೆ ಹಾಕಿದ ಡ್ರೈನ್ ನಳಿಕೆಯದು. ಹಳೆಯ ನಳಿಕೆಯಲ್ಲಿ ಬೆಳೆದ ಯೀಸ್ಟ್ ಸೋಂಕಿಗೆ ಸಾಕ್ಷಿಯಲ್ಲ.

6. ಕ್ಯಾಂಡಿಡಾ ಆರಿಸ್: ಮೊದಲು ವರದಿಯಾದದ್ದು 2009, ಜಪಾನ್, ಕಿವಿಯ ಮಾದರಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಆದ್ಯತೆಯ ಶಿಲೀಂಧ್ರಗಳ ಪಟ್ಟಿಯಲ್ಲಿ ಅತಿ ಗಂಭೀರ ವರ್ಗ.

7. ಗೊಂದಲ: 2021ರ ‘ಕಪ್ಪು ಶಿಲೀಂಧ್ರ’ (ಮ್ಯೂಕರ್‌ಮೈಕೋಸಿಸ್) ಯೀಸ್ಟ್ ಅಲ್ಲ, ಬೂಷ್ಟು. ಫ್ಲುಕೋನಜೋಲ್ ನಾಟದು, ಆಂಫೊಟೆರಿಸಿನ್ ಬಿ ಬೇಕು.