ಕೆರೆಯ ಮೀನುಗಳ ವಲಸೆ ಮತ್ತು ಕೋಡಿಯ ಸಂರಕ್ಷಣೆ

ಬೇಸಗೆಯಲ್ಲಿ ಬತ್ತಿ ತಳ ಕಂಡ ಕೆರೆಗೆ ಹೊಸ ನೀರು ಬಂದ ಕೆಲವು ದಿನಗಳೊಳಗಾಗಿ ಮೀನುಗಳು ಕಾಣಿಸಿಕೊಳ್ಳುವುದು ತುಮಕೂರು ತಾಲ್ಲೂಕಿನ ಕೋರ ಹೋಬಳಿಯಂಥ ಬಯಲುಸೀಮೆಯ ರೈತರಿಗೆಲ್ಲ ವಿದಿತವಾದ ಸಂಗತಿಯು. ಮಳೆಯೊಡನೆ ಮೀನು ಆಕಾಶದಿಂದ ಬೀಳುವುದೆಂದು ಕೆಲವರು ಭಾವಿಸುವುದುಂಟು. ನಿಜಸ್ಥಿತಿಯು ಹಾಗಲ್ಲ. ಕೊರವ ಮೊದಲಾದ ಕೆಲವು ಜಾತಿಗಳು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲವಾದ್ದರಿಂದ ಹಸಿಯಾದ ಕೆಸರಿನಲ್ಲಿಯೂ ಕೆಲಕಾಲ ಬದುಕಿರುವುವು. ಉಳಿದವು ಬಹುಮಟ್ಟಿಗೆ ಬತ್ತದಿರುವ ಕೆರೆಗಳಿಂದಲೂ ಹಳ್ಳದ ಮಡುಗಳಿಂದಲೂ ನೀರಿನ ದಾರಿ ಹಿಡಿದು ಬರತಕ್ಕವು.

ಮೀನುಗಳ ವಲಸೆಯು ಮುಖ್ಯವಾಗಿ ಮೂರು ಬಗೆ. ಹಾವುಮೀನು ಸಮುದ್ರದಲ್ಲಿ ಹುಟ್ಟಿ, ನದಿಗಳನ್ನು ಏರಿ, ಸಿಹಿನೀರಿನಲ್ಲಿ ಹಲವು ವರ್ಷ ಬೆಳೆದು, ಮೊಟ್ಟೆಯಿಡಲು ಮರಳಿ ಸಮುದ್ರಕ್ಕೆ ಹೋಗುವುದು. ಹಿಲ್ಸಾ ಮೀನಿನ ಕ್ರಮವು ಇದಕ್ಕೆ ವಿರುದ್ಧವಾದುದು. ಅದು ಸಮುದ್ರದಿಂದ ನದಿಗೆ ಬಂದು ಮೊಟ್ಟೆಯಿಡುವುದು. ಗೆಂಡೆ ಮುಂತಾದ ಮೂರನೆಯ ವರ್ಗದವು ಸಿಹಿನೀರನ್ನು ಬಿಡದೆ, ಮಳೆಗಾಲದಲ್ಲಿ ಆಳದಿಂದ ಹೊಸ ನೀರು ಹರಿಯುವ ತೆಳುವಾದ ಸ್ಥಳಗಳಿಗೆ ಏರುವುವು. ಅಲ್ಲಿ ಮರಿಗಳಿಗೆ ಸೂಕ್ಷ್ಮಜೀವಿಗಳ ಆಹಾರವು ಸಮೃದ್ಧವಾಗಿ ದೊರೆಯುವುದು.

ದಾರಿ ಮುಚ್ಚಿದರೆ ಆಗುವ ಪರಿಣಾಮಕ್ಕೆ ಕಾವೇರಿಯೇ ನಿದರ್ಶನ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣವಾದ ಮೇಲೆ ಹಿಲ್ಸಾ ಮೀನಿಗೆ ಅಲ್ಲಿಂದ ಮೇಲಕ್ಕೆ ದಾರಿಯಿಲ್ಲದಾಯಿತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಗುಬ್ಬಿ, ಕುಣಿಗಲ್ ಸೀಮೆಗಳಲ್ಲಿ ಹರಿದು ಕಾವೇರಿಯನ್ನು ಸೇರುವ ಶಿಂಷಾ ನದಿಗೂ ಮಾರ್ಕೋನಹಳ್ಳಿಯಲ್ಲಿ ಕಟ್ಟೆಯುಂಟು. ಇಂಥ ಎತ್ತರದ ಕಟ್ಟೆಯನ್ನು ಮೀನು ಹತ್ತಲಾರದು. ಆದರೆ ಊರ ಕೆರೆಯ ತಗ್ಗಾದ ಕೋಡಿಯನ್ನು ಹತ್ತಬಲ್ಲದು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಹರಿಯುವಂತೆ ಹಿರಿಯರು ಕಟ್ಟಿದ ಕೆರೆಗಳ ಸಾಲು ಬೇಸಾಯಕ್ಕೆ ನೀರಿನ ದಾರಿಯಾಗಿರುವಂತೆಯೇ ಮೀನಿಗೆ ವಲಸೆಯ ದಾರಿಯೂ ಆಗಿದೆ.

ಆದರೆ ಕೋಡಿ ಹರಿದ ದಿನವೇ ಬಿದಿರಿನ ಕೂಣಿಯನ್ನೂ ಬಲೆಯನ್ನೂ ಅಡ್ಡಲಾಗಿ ಒಡ್ಡುವ ರೂಢಿಯು ಅನೇಕ ಕಡೆ ಇದೆ. ಆಗ ಸಿಕ್ಕುವ ಮೀನುಗಳಲ್ಲಿ ಬಹಳಷ್ಟು ಮೊಟ್ಟೆ ತುಂಬಿದವು. ಬಿತ್ತನೆಯ ಕಾಳನ್ನು ಬೇಯಿಸಿ ಉಂಡಂತೆ ಇದು ಒಂದು ದಿನದ ಊಟಕ್ಕಾಗಿ ವರ್ಷದ ಬೆಳೆಯನ್ನು ಕಳೆಯುವುದಾಗಿದೆ.

ಕಾಟ್ಲ, ರೋಹು, ಮೃಗಾಲ್ ಮೀನುಗಳ ವಿಷಯವು ಬೇರೆ. ಇವು ಕೆರೆಯಲ್ಲಿ ಚೆನ್ನಾಗಿ ಬೆಳೆದರೂ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಇವಕ್ಕೆ ನದಿಯ ಪ್ರವಾಹವು ಬೇಕು. 1957ರಲ್ಲಿ ಒಡಿಶಾದಲ್ಲಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಗೆಂಡೆಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವ ವಿಧಾನವು ಫಲಿಸಿದ ಮೇಲೆ ಮರಿಗಳು ಸುಲಭವಾಗಿ ದೊರೆಯುವಂತಾಯಿತು. ಆದರೂ ಇವನ್ನು ಕೊಂಡು ತಂದು ಬಿಡಬೇಕು. ನಾಡಮೀನುಗಳಾದರೋ ದಾರಿಯಿದ್ದರೆ ಖರ್ಚಿಲ್ಲದೆ ತಾವಾಗಿಯೇ ಬರುವುವು.

ಕೆರೆಯನ್ನು ಗುತ್ತಿಗೆ ಹಿಡಿದವರು, ಬಿಟ್ಟ ಮೀನು ಹೊರಗೆ ಹೋಗದಂತೆ ಕೋಡಿಗೆ ಜಾಲರಿ ಕಟ್ಟುವುದು ನ್ಯಾಯವೇ ಸರಿ. ಆದರೆ ಕಣ್ಣು ತೀರ ಸಣ್ಣದಾದರೆ ಏರಿಬರುವ ಮೀನಿಗೂ ತಡೆಯಾಗುವುದು. ಕಸ ಕಟ್ಟಿಕೊಂಡು ಏರಿಗೂ ಅಪಾಯವುಂಟು. ಆದಕಾರಣ ಮರಿಗಳನ್ನು ದೊಡ್ಡವಾಗಿ ಬೆಳೆಸಿ ಬಿಟ್ಟು, ಜಾಲರಿಯ ಕಣ್ಣನ್ನು ಅಗಲವಾಗಿಡುವುದು ಉತ್ತಮ.

ಗ್ರಾಮದ ಮುಖಂಡರೂ ಜಮೀನುದಾರರೂ ಈ ಕೆಳಗಿನ ವಿಷಯಗಳನ್ನು ಗಮನಿಸತಕ್ಕದ್ದು:

1. ಮೊದಲ ಪ್ರವಾಹದ ದಿನಗಳಲ್ಲಿ ಕೋಡಿಯಲ್ಲಿಯೂ ಕೆರೆಗೆ ನೀರು ಬರುವ ಹಳ್ಳದ ಬಾಯಲ್ಲಿಯೂ ಮೀನು ಹಿಡಿಯದಂತೆ ಊರೊಟ್ಟಿನ ಕಟ್ಟು ಮಾಡುವುದು.

2. ಕೋಡಿಹಳ್ಳವನ್ನು ಒತ್ತುವರಿಯಿಂದಲೂ ಕಸದಿಂದಲೂ ಕಾಪಾಡುವುದು.

3. ಬೇಸಗೆಯಲ್ಲಿ ಹಳ್ಳದ ಒಂದೆರಡು ಆಳವಾದ ಮಡುಗಳನ್ನಾದರೂ ಬರಿದುಮಾಡದೆ ತಳಿಗಾಗಿ ಬಿಡುವುದು.

4. ಸಿಡಿಮದ್ದು ಮತ್ತು ವಿಷದ ಬಳಕೆಯನ್ನು ಸಂಪೂರ್ಣವಾಗಿ ತಡೆಯುವುದು. ಇವು ಮರಿ ಮೊಟ್ಟೆಗಳನ್ನೂ ಬಿಡದೆ ನಾಶಮಾಡುವುವು. 1897ರ ಮೀನುಗಾರಿಕೆಯ ಕಾಯಿದೆಯೇ ಇವನ್ನು ಅಪರಾಧವೆಂದು ವಿಧಿಸಿತು.

ಮೇಲಿನ ಊರಿನವರು ಬಿಟ್ಟ ಮೀನು ಕೆಳಗಿನ ಊರಿಗೂ, ಕೆಳಗಿನವರು ಉಳಿಸಿದ ಮೀನು ಮೇಲಿನ ಊರಿಗೂ ಸಲ್ಲುವುದು. ಆದುದರಿಂದ ಒಂದು ಸಾಲಿನ ಕೆರೆಗಳ ಗ್ರಾಮಸ್ಥರೆಲ್ಲರೂ ಏಕಮತದಿಂದ ನಡೆದಲ್ಲಿ ಮಾತ್ರ ಈ ಸಂಪತ್ತು ನಿಲ್ಲುವುದು.